ಕೊಕೇನ್ ಕತ್ತರಿಸುವ ಬಾಟ್ಲಿ

ಧಡಾರ್!

ಹಿಂದಿನಿಂದ ಬೊಲೆರೊ ಗುದ್ದಿದ ರಭಸಕ್ಕೆ ನನ್ನ ಮೀನಿನ ಟೆಂಪೋ ಚರಂಡಿಗೆ ಒಂದು ಗಾಲಿ ಇಳಿಸಿ ಮೇಲೆದ್ದಿತು. ರೋಹಿಣಿಯ ತೊಡೆ ಮೇಲಿದ್ದ ಥರ್ಮಾಕೋಲ್ ಪೆಟ್ಟಿಗೆ ಡ್ಯಾಶ್‌ಬೋರ್ಡಿಗೆ ಬಡಿದು ಸೀಳಿತು.

"ಬಾಟ್ಲಿ?" ಕಿರುಚಿದೆ.

"ಒಡೀಲಿಲ್ಲ! ನೀ ಓಡ್ಸು ಮುಜೀಬ್!"

ಯಲ್ಲಾಪುರದಿಂದ ಶಿರಸಿಗೆ ಐವತ್ತು ಕಿಲೋಮೀಟರ್. ಅಲ್ಲಿ ಆಸ್ಪತ್ರೆಯಲ್ಲಿ ನನ್ನ ತಮ್ಮ ಮೊಯಿನ್. ಅವನ ಹೊಟ್ಟೆಯಲ್ಲಿ ಹನ್ನೊಂದು ಕೊಕೇನ್ ಪೊಟ್ಟಣ. ಗೋವಾಕ್ಕೆ ದಾಟಿಸಲೆಂದು ಹರಾಮ್‌ಕೋರ ಸದಾಶಿವ ನುಂಗಿಸಿದ್ದು! ಒಂದು ಪೊಟ್ಟಣ ಸೋರುತ್ತಿತ್ತು. ಎದೆಬಡಿತ ಇಳಿಯದೆ ಆಪರೇಷನ್ ಇಲ್ಲ ಎಂದಿದ್ದರು ಡಾಕ್ಟರು. ವಾರ್ಡಿಗೆ ಪೊಲೀಸ್ ಕಾವಲಿತ್ತು. ಮೊಯಿನ್ ಬದುಕಿ ಬಾಯಿ ಬಿಟ್ಟರೆ ಸದಾಶಿವ ಜೈಲಿಗೆ. ಕಾವಲಿನಲ್ಲಿದ್ದ ಮೊಯಿನ್‌ನನ್ನು ಮುಟ್ಟಲಾಗದು... ಔಷಧಿ ತಡೆಯಬಹುದು.

ಅದಕ್ಕೇ ಸದಾಶಿವನ ಹುಡುಗರ ಬೊಲೆರೊ!

ರೋಹಿಣಿ ಸಿದ್ದಾಪುರದ ಮನ್ಮನೆಯವಳು. ಹುಬ್ಬಳ್ಳಿಯ ಲ್ಯಾಬಿನಲ್ಲಿ ಕೆಲಸ. ಡಾಕ್ಟರು ಫೋನಿನಲ್ಲಿ ಗೋಗರೆದಿದ್ದಕ್ಕೆ, ಇನ್ನೂ ಪರೀಕ್ಷೆಯಲ್ಲಿದ್ದ ಔಷಧಿ ಹಿಡಿದು ಯಲ್ಲಾಪುರದವರೆಗೆ ಬಸ್ಸಿನಲ್ಲಿ ಬಂದಿದ್ದಳು.

"ಇದು ಏನ್ ಮಾಡ್ತೈತಕ್ಕಾ?"

"ಇದು ಆ್ಯಂಟಿಬಾಡಿ. ಅದ್ರ ಮೈಯಲ್ಲೊಂದು ಗೂಡಿದೆ. ಕೊಕೇನ್ ಅದ್ರೊಳಗೆ ಕೂತ್ರೆ ಎರಡು ತುಂಡು! ಅದನ್ನ ಉಗುಳಿ ಇನ್ನೊಂದನ್ನ ಹಿಡೀತದೆ. ಎಕ್ಸ್‌ರೇ ಹಾಯಿಸಿ ಆ ಗೂಡಿನ ಆಕಾರ ಕಂಡು ಹಿಡಿಯೋಕೆ ನಂಗೆ ನಾಲ್ಕು ವರ್ಷ ಬೇಕಾಯ್ತು ಮಾರಾಯಾ."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. "ಅಂದ್ರ... ಕತ್ತರಿ?"

"ಕತ್ತರಿಯೇ. ತಣ್ಣಗಿಟ್ರೆ ಸಾಕು."

ಮಂಚಿಕೇರಿ ದಾಟಿದೆವು. ಮುಂದೆ ಮರದ ದಿಮ್ಮಿ ಹೇರಿದ ನಾಟಾ ಲಾರಿ. ಓವರ್‌ಟೇಕ್ ಮಾಡಿದೆ. ಬೊಲೆರೊ ಲಾರಿ ಹಿಂದೆ ಸಿಕ್ಕಿಬಿತ್ತು. ನಾನು ಕಾಡಿನ ಮಣ್ಣುರಸ್ತೆಗೆ ತಿರುಗಿಸಿ ಎಂಜಿನ್ ಆಫ್ ಮಾಡಿದೆ. ಲಾರಿ ಹೋಯಿತು. ಅದರ ಹಿಂದೆಯೇ ಬೊಲೆರೊ ಕೂಡ ಮುಂದೆ ಹಾರಿಹೋಯಿತು!

ರೋಹಿಣಿ ನೆಟ್‌ವರ್ಕ್ ಹುಡುಕುತ್ತ ಇಳಿದಳು. ಪೆಟ್ಟಿಗೆಯ ಐಸ್‌ಪ್ಯಾಕ್ ಹರಿದು ಸೋರಿಹೋಗಿತ್ತು. ನೆತ್ತಿ ಸುಡುವ ಬಿಸಿಲು.

ಹೆದರಲಿಲ್ಲ. ಐಸಿನ ವಿಷಯದಲ್ಲಿ ನನಗೆ ಪಾಠ ಹೇಳುವವರು ಯಾರು? ಹಿಂದಿನ ಟಬ್ಬಿನಲ್ಲಿ ಅಂಕೋಲೆಯ ಐಸಿತ್ತು. ಬಿಸಿಲಿಗೆ ಮೀನು ಕೆಡಬಾರದೆಂದರೆ ನಾವು ಐಸಿಗೆ ಉಪ್ಪು ಬೆರೆಸುತ್ತೇವೆ. ಆಗ ಐಸು ಇನ್ನೂ ಕೊರೆಯುತ್ತದೆ. ನಾಲ್ಕು ಬೊಗಸೆ ಉಪ್ಪು ಸುರಿದೆ. ಬಾಟ್ಲಿಯನ್ನು ಒಳಗೆ ಹುಗಿದೆ.

"ಐಸಿನಾಗ ಇಟ್ಟೀನಕ್ಕಾ."

"ಪುಣ್ಯ ಕಟ್ಕೊಂಡೆ!" ಎಂದಳು ರೋಹಿಣಿ.

ಸೋಂದಾ ಕ್ರಾಸಿನಲ್ಲಿ ಬೊಲೆರೊ ಅಡ್ಡ ನಿಂತಿತ್ತು. ಬ್ರೇಕ್ ತುಳಿಯಲಿಲ್ಲ. ಅದರ ಮೂತಿ ಸವರಿಕೊಂಡೇ ನುಗ್ಗಿದೆ. ಬೊಲೆರೊದಿಂದ ಕಲ್ಲು ತೂರಿ ಬಂತು. ಗಾಜು ಪುಡಿಪುಡಿ! ಹಣೆಯ ರಕ್ತ ಕಣ್ಣಿಗಿಳಿಯಿತು...

ಆಸ್ಪತ್ರೆ!

ಟಬ್ಬಿಗೆ ಕೈ ಹಾಕಿ ಬಾಟ್ಲಿ ಎತ್ತಿಕೊಟ್ಟೆ. ರೋಹಿಣಿ ಅಲುಗಾಡಿಸಿ ನೋಡಿದಳು. ಒಳಗಿನದು ಅಲುಗಲಿಲ್ಲ. ಬಿಳಿ ಕಲ್ಲಾಗಿತ್ತು.

ಬೆರಳಿಗಂಟಿದ ಹರಳನ್ನು ನೆಕ್ಕಿದಳು. "ಉಪ್ಪು ಹಾಕಿದ್ಯಾ?"

"ಹಾಕ್ದೆ. ಯಾಕ?"

"ಹೆಪ್ಪುಗಟ್ಟಿದೆ ಮಾರಾಯಾ..."

"ಕರಗ್ಸು! ಈಗ್ಲೇ ಕರಗ್ಸು!"

"ನೀರು ಕರಗ್ತದೆ. ಹೆಪ್ಪಿಗೆ ಮುರಿದ ಗೂಡಿನ ಆಕಾರ ವಾಪಸ್ ಬರೂದಿಲ್ಲ." ಅಂಗೈಯ ಕಾವಿಗೆ ಅದು ಕರಗಿತು. ಒಳಗೆಲ್ಲ ಬಿಳಿ ಎಳೆಗಳು. "ಇದನ್ನ ರಕ್ತಕ್ಕೆ ಬಿಟ್ರೆ ನಾವೇ ಕೊಂದಂಗೆ."

"ಇನ್ನೊಂದು?"

"ಇದ್ದದ್ದೇ ಒಂದು," ಎಂದಳು. ಗಾಜಿನಾಚೆ ಮೊಯಿನ್ ಹಾಸಿಗೆಯಲ್ಲಿ ಬಿಲ್ಲಿನಂತೆ ಬಾಗಿ ಸೆಟೆಯುತ್ತಿದ್ದ. ನಾನು ಗೋಡೆಗೆ ಗುದ್ದಿದೆ. ಮತ್ತೆ ಗುದ್ದಿದೆ. ಗೋಡೆಗೆ ಏನೂ ಆಗಲಿಲ್ಲ.

ಫೋನ್ ಬಡಿದುಕೊಂಡಿತು. ಸದಾಶಿವ!

"ಲೇ ಮುಜೀಬ್! ಬಾಟ್ಲಿ ಒಳಗೆ ಹೋಯ್ತೋ, ನಿನ್ನ ಹೆಣ ಬೀಳ್ತದೆ!"

"ಹೋಗಂಗಿಲ್ಲ ಬಿಡ್ರಿ ಸಾಹೇಬ್ರ..." ಎಂದೆ. "ನಿಮ್ಮ ಹುಡುಗ್ರು ಅಷ್ಟು ಡೀಸೆಲ್ ಸುಡೋದು ಬ್ಯಾಡಾಗಿತ್ತು!"