ಆರೇ ಆರು ಸೆಕೆಂಡು

“ಈ ವೆಬ್‌ಸೈಟ್ ಈಗಲೇ ಬಂದ್ ಮಾಡಿ. ಹನ್ನೊಂದು ಗಂಟೆಯೊಳಗೆ!”

ಅನುಜಾ ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. ಎದುರಿಗೆ ಒಬ್ಬ ಅಪರಿಚಿತ. ಮೂವತ್ತರ ಆಸುಪಾಸು, ಇಸ್ತ್ರಿ ಕಾಣದ ನೀಲಿ ಅಂಗಿ, ಕೈಯಲ್ಲಿ ಕನ್ನಡ ಬಳಗದ ವಧೂವರರ ಪುಸ್ತಕ. ಮುಖವೆಲ್ಲ ಬೆವರು. ಪುಣೆಯ ಹಿಂಜವಾಡಿಯಿಂದ ಚಿಂಚವಾಡದವರೆಗೂ ಟ್ರಾಫಿಕ್ಕಿನ ಜೊತೆ ಜಗಳವಾಡಿಕೊಂಡೇ ಬಂದವನ ಹಾಗಿದ್ದ.

“ಯಾರ್ರೀ ನೀವು?”

“ಪುನೀತ ಅಂತ. ಮಂಡ್ಯ ಕಡೆಯವನು. ಕಂಪನಿಗಳ ಸಾಫ್ಟ್‌ವೇರ್‌ಗೆ ಕಳ್ಳರು ಎಲ್ಲಿಂದ ನುಗ್ಗಬಹುದು ಅಂತ ಹುಡುಕಿ ಹೇಳೋದು ನನ್ನ ಕೆಲಸ. ನಮ್ಮಮ್ಮ ನನಗೆ ಹೇಳದೇನೇ ನನ್ನ ಹೆಸರು ಇಲ್ಲಿ ಸೇರಿಸಿದ್ದಾರೆ. ಅದಿರಲಿ... ಈ ಸೈಟ್ ಮಾಡಿದ್ದು ಯಾರು?”

“ನಾನೇ ಮಾಡೀನಿ. ಏನೀಗ?”

ಅವಳ ದನಿಯಲ್ಲಿ ಹೆಮ್ಮೆಯೂ ಇತ್ತು, ಸಿಡುಕೂ ಇತ್ತು. ಇರದೆ ಏನು? ಮೂರು ತಿಂಗಳ ರಜಾದಿನಗಳನ್ನೆಲ್ಲ ಇದಕ್ಕೇ ಸುರಿದಿದ್ದಳು. ಪವನಾ ಕನ್ನಡ ಬಳಗದ ಕಾರ್ಯದರ್ಶಿ ಫಕೀರಪ್ಪ ಅವಳ ತಂದೆ. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕ್ಲರ್ಕ್ ಆಗಿದ್ದು ನಿವೃತ್ತರಾದವರು. ಇಪ್ಪತ್ತೆರಡು ವರ್ಷಗಳಿಂದ ವಧೂವರರ ಪುಸ್ತಕ ಅಚ್ಚು ಹಾಕಿಸಿ, ಪುಣೆಯ ಕನ್ನಡದ ಮನೆಗಳಿಗೆ ಸಂಬಂಧ ಕೂಡಿಸುತ್ತ ಬಂದಿದ್ದರು. ಈ ವರ್ಷ ಪುಸ್ತಕದ ಜೊತೆಗೆ ವೆಬ್‌ಸೈಟು. ಹೆಸರು ಕೊಟ್ಟವರು ವಿವರ ಸರಿನೋಡಲೆಂದು ಸೈಟು ವಾರದಿಂದಲೇ ತೆರೆದಿತ್ತು, ಪುಸ್ತಕದ ಕೆಲವು ಪ್ರತಿಗಳೂ ಮುಂಚೆಯೇ ಹೊರಬಿದ್ದಿದ್ದವು. ಇವತ್ತು ಹನ್ನೊಂದಕ್ಕೆ ವೇದಿಕೆಯ ಮೇಲೆ ಅವರು ಗುಂಡಿ ಒತ್ತಬೇಕು, ಆರುನೂರು ಪುಸ್ತಕ ಹಂಚಬೇಕು. ಹಾಲ್ ಆಗಲೇ ಮುಕ್ಕಾಲು ತುಂಬಿತ್ತು.

“ಒಳಗೆ ಬರೋಕೆ ಪಾಸ್‌ವರ್ಡ್ ಏನು ಕೊಟ್ಟಿದ್ದೀರಾ?” ಪುನೀತ ಕೇಳಿದ.

“ಅವರವರು ಹುಟ್ಟಿದ ತಾರೀಖು. ಬೇಕಾದ್ರ ಆಮೇಲೆ ಬದಲಿ ಮಾಡ್ಕೋಬಹುದು.”

ಅವನು ಪುಸ್ತಕ ಬಿಡಿಸಿ ಅವಳ ಮುಂದಿಟ್ಟು, ಒಂದು ಪುಟದ ಮೇಲೆ ಬೆರಳಿಟ್ಟ. ನೋಂದಣಿ ಸಂಖ್ಯೆ. ಅದರ ಕೆಳಗೆ ಹೆಸರು. ಅದರ ಕೆಳಗೆ ಜಾತಕಕ್ಕೆಂದು ಹುಟ್ಟಿದ ತಾರೀಖು, ಗಳಿಗೆ, ನಕ್ಷತ್ರ.

“ಮನೆಗೆ ಬೀಗ ಹಾಕಿ, ಕೀಲಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚ್ತಾ ಇದ್ದೀರಲ್ಲ ಮೇಡಂ...”

ಅನುಜಾ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಹೌದಲ್ಲ! ಹೇಗೆ ಹೊಳೆಯಲಿಲ್ಲ? “ವಯಸ್ಸಾದವರಿಗೆ ಪಾಸ್‌ವರ್ಡ್ ನೆನಪಿರೂದಿಲ್ಲವ್ವಾ. ಆದ್ರ ಮಕ್ಕಳು ಹುಟ್ಟಿದ ತಾರೀಖು ಯಾವ ತಾಯೀನೂ ಮರೆಯೂದಿಲ್ಲ” ಎಂದಿದ್ದರು ಅಪ್ಪ. ಆ ಮಾತು ಎಷ್ಟು ಹಿಡಿಸಿತ್ತೆಂದರೆ, ಅವಳು ಮುಂದೆ ಯೋಚಿಸಿರಲೇ ಇಲ್ಲ. ಹಳೆಯ ಪುಸ್ತಕದ ಪುಟಗಳನ್ನು ಹಾಗೆಯೇ ಮುದ್ರಣಕ್ಕೆ ಕಳಿಸಿದ್ದಳು. ನಾನೂರಾ ಹನ್ನೆರಡು ಮಂದಿಯ ವಿಳಾಸ, ಫೋನ್ ನಂಬರು... ಅದಕ್ಕಿಂತ ಹೆಚ್ಚಾಗಿ ‘ಕಾರ್ಯದರ್ಶಿಗೆ ಮಾತ್ರ’ ಎಂಬ ಆ ಅಂಕಣ. ಮುರಿದ ನಿಶ್ಚಿತಾರ್ಥ, ವಿಚ್ಛೇದನ, ಕಾಯಿಲೆ, ಅಚ್ಚಿನಲ್ಲಿ ಹಾಕಲಾಗದ್ದನ್ನೆಲ್ಲ ಜನ ನಂಬಿ ಅಲ್ಲಿ ಬರೆದಿದ್ದರು.

“ಒಂದು ವಾರದಲ್ಲಿ ನಾಲ್ಕು ಮೇಲ್ ಹಾಕಿದೆ. ಯಾರೂ ಉತ್ತರ ಕೊಡಲಿಲ್ಲ.”

“ಸುಳ್ಳು! ಒಂದೂ ಬಂದಿಲ್ಲ.” ಬಳಗದ ಮೇಲ್ ನೋಡುವವರು ಅಪ್ಪ. ಬಂದಿದ್ದರೆ ಹೇಳುತ್ತಿರಲಿಲ್ಲವೇ? ಥಟ್ಟನೆ ಅವಳಿಗೆ ಇನ್ನೊಂದು ಹೊಳೆಯಿತು. “ಖಾತೆ ತೆಗೀತದ ಅಂತ ನಿಮಗ ಹೆಂಗ ಗೊತ್ತಾತು? ಯಾರದರ ತೆಗೆದು ನೋಡೀರೇನು?”

ಪುನೀತ ತಲೆ ತಗ್ಗಿಸಿದ. “ಇವತ್ತು ಬೆಳಿಗ್ಗೆ. ಒಂದೇ ಒಂದು.”

“ಯಾರದು?”

“...ನಿಮ್ಮದು. ನಂದು ಆಗಲೇ ಬದಲಾಯಿಸಿದ್ದೆ. ಬೇರೆ ಯಾವ ಹುಡುಗೀದೂ ಮುಟ್ಟೋಕೆ ಮನಸ್ಸು ಬರಲಿಲ್ಲ. ಸೈಟ್ ಕೆಳಗೆ ನಿಮ್ಮ ಹೆಸರಿತ್ತು, ಪುಸ್ತಕದಲ್ಲೂ ಒಂದನೇ ನಂಬರ್ ನೀವೇ. ಮಾಡಿದವರೇ ಬದಲಾಯಿಸಿಲ್ಲ ಅಂದ್ರೆ ಇನ್ಯಾರೂ ಬದಲಾಯಿಸಿರಲ್ಲ ಅಂತ...”

ಅವಳಿಗೆ ಮುಂದಿನ ಮಾತು ಕೇಳಿಸಲೇ ಇಲ್ಲ.

ಎರಡು ವರ್ಷದ ಹಿಂದೆ ಸ್ವಪ್ನಿಲ್ ಜೊತೆ ಅವಳ ನಿಶ್ಚಿತಾರ್ಥವಾಗಿತ್ತು. “ಮುಚ್ಚಿಡೂದು ಏನೂ ಇಲ್ಲಂದ್ರ ಫೋನಿನ ಪಾಸ್‌ವರ್ಡ್ ಕೊಡು” ಎಂದಿದ್ದ. ಕೊಟ್ಟಿದ್ದಳು. ಆರು ತಿಂಗಳು ಅವಳ ಒಂದೊಂದು ಮೆಸೇಜನ್ನೂ ಓದಿ, ಒಂದೊಂದಕ್ಕೂ ಲೆಕ್ಕ ಕೇಳಿದ್ದ. ಗೆಳತಿಗೆ ಬರೆದ ಗುಟ್ಟುಗಳನ್ನು ತುಂಬಿದ ಮನೆಯಲ್ಲಿ ಜೋರಾಗಿ ಓದಿ ನಕ್ಕಿದ್ದ. ಅವತ್ತೇ ಉಂಗುರ ವಾಪಸ್ ಕೊಟ್ಟು ಬಂದಿದ್ದಳು. ಅದನ್ನೆಲ್ಲ ಆ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದಳು. ಅಪ್ಪನ ಹೊರತು ಬೇರೆ ಯಾರ ಕಣ್ಣಿಗೂ ಬೀಳಬಾರದಾಗಿದ್ದ ನಾಲ್ಕು ಸಾಲು!

“ಕೇಳದ ಬೇರೆಯವರ ಖಾತೆ ತೆಗೆಯೂದು ಅಪರಾಧ ಅದ. ಗೊತ್ತದ ಏನ್ರಿ ನಿಮಗ?” ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

“ಗೊತ್ತು. ನನ್ನದು ತಪ್ಪೇ. ಕಂಪ್ಲೇಂಟ್ ಕೊಡಿ, ಪರವಾಗಿಲ್ಲ. ಆದ್ರೆ ಹನ್ನೊಂದಕ್ಕೆ ಮುಂಚೆ ಸೈಟ್ ಮುಚ್ಚಿ.”

“ಹೊರಗ ನಡೀರಿ!”

ಬಾಗಿಲಲ್ಲಿದ್ದ ಕಾವಲುಗಾರ ಓಡಿ ಬಂದ. “ಕಾಯ್ ಝಾಲಂ, ತಾಈ?” ಏನಾಯ್ತಕ್ಕಾ ಎಂದು ಮರಾಠಿಯಲ್ಲಿ ಕೇಳಿದ.

ಪುನೀತ ಗೇಟಿನ ಕಡೆ ನಡೆದ. ಆದರೆ ಹೋಗಲಿಲ್ಲ, ಅಲ್ಲೇ ನಿಂತ.

ಹತ್ತು ಮೂವತ್ತೈದು.

ಅನುಜಾ ಲಾಗಿನ್ ದಾಖಲೆ ತೆಗೆಯುವಷ್ಟರಲ್ಲಿ ಶಿವಗಂಗವ್ವ ಏದುಸಿರು ಬಿಡುತ್ತ ಬಂದರು. ಮಗಳು ಮಾಧುರಿಯ ಹೆಸರನ್ನು ಈ ಸಲವೇ ಕೊಟ್ಟಿದ್ದ ಹೆಂಗಸು.

“ಅನುಜಾ, ಯಾರೋ ನನ್ನ ಮಗಳಿಗೆ ಫೋನ್ ಮಾಡಿ, ‘ನಿಮ್ಮ ಮೊದಲನೇ ಮದುವಿ ಯಾಕ ಮುರೀತು’ ಅಂತ ಕೇಳ್ಯಾರ! ಅದನ್ನ ನಿಮ್ಮಪ್ಪಾರ ಮ್ಯಾಲೆ ನಂಬಿಕಿ ಇಟ್ಟು ಬರೆದಿದ್ವಿ. ಪಾಪ, ಹುಡುಗಿ ಬಾಗಿಲು ಹಾಕ್ಕೊಂಡು ಕುಂತಾಳ...”

ಅನುಜಾ ಅವರನ್ನು ಕುರ್ಚಿಯಲ್ಲಿ ಕೂರಿಸಿದಳು.

ಬಳಗದ ಪದಾಧಿಕಾರಿ ಮುರುಗೆಪ್ಪ ಪಕ್ಕದಲ್ಲೇ ಇದ್ದರು. ಆಗಿನ ಜಗಳ ಅವರ ಕಿವಿಗೆ ಬಿದ್ದಿತ್ತು. “ಇನ್ನ್ಯಾರು? ಗೇಟಿನ್ಯಾಗ ನಿಂತಾನಲ್ಲ, ಅವನೇ! ಖಾತೆ ತೆಗೆದೀನಿ ಅಂತ ತಾನೇ ಬಾಯಿಬಿಟ್ಟು ಹೇಳ್ಯಾನ. ಹಿಡೀರಿ ಅವನ್ನ!”

ಹತ್ತು ಜನ ಹೋದರು, ಇಪ್ಪತ್ತಾದರು. ಯಾರೋ ಅವನ ಕಾಲರು ಹಿಡಿದರು. ಯಾರೋ ಪೊಲೀಸರಿಗೆ ಫೋನ್ ಹಚ್ಚಿದರು. ಪುನೀತ ಒಂದೇ ಮಾತು ಹೇಳುತ್ತಿದ್ದ: “ನಾನು ತೆಗೆದಿದ್ದು ಒಂದೇ.” ಯಾರು ನಂಬುತ್ತಾರೆ!

ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ಅನುಜಾಳ ಮನಸ್ಸು ಕೂಡ ಅದನ್ನೇ ಬಯಸಿತ್ತು. ಕಳ್ಳ ಅವನೇ ಆಗಿಬಿಡಲಿ! ಆಗ ತಪ್ಪೆಲ್ಲ ಅವನದು. ಅಪ್ಪನ ಹೆಸರು ಉಳಿಯುತ್ತದೆ, ತನ್ನ ಮೂರು ತಿಂಗಳ ಶ್ರಮವೂ ಉಳಿಯುತ್ತದೆ...

ಪರದೆಯ ಮೇಲೆ ದಾಖಲೆ ತೆರೆದುಕೊಂಡಿತು.

ಪುನೀತನ ಫೋನು. ಅವನ ಸ್ವಂತದ್ದು ಬಿಟ್ಟರೆ ಒಂದೇ ಖಾತೆ, ಅವಳದು. ಒಳಗೆ ಬಂದದ್ದು ಏಳು ಗಂಟೆ ನಲವತ್ತು ನಿಮಿಷ ನಾಲ್ಕು ಸೆಕೆಂಡಿಗೆ. ಹೊರಗೆ ಹೋದದ್ದು ಏಳು ನಲವತ್ತು ಹತ್ತಕ್ಕೆ.

ಆರು ಸೆಕೆಂಡು! ಬಾಗಿಲು ತೆರೆಯುತ್ತದೋ ಇಲ್ಲವೋ ನೋಡಿ ಹಾಗೆಯೇ ಮುಚ್ಚಿದ್ದ. ‘ಕಾರ್ಯದರ್ಶಿಗೆ ಮಾತ್ರ’ ಪುಟವನ್ನು ತೆಗೆದೇ ಇರಲಿಲ್ಲ.

ಅದರ ಕೆಳಗೆ ಇನ್ನೊಂದು ಫೋನು. ಮೂರು ದಿನಗಳಲ್ಲಿ ಮೂವತ್ತೆಂಟು ಹುಡುಗಿಯರ ಖಾತೆ. ಮಾಧುರಿಯದಕ್ಕೆ ಒಂಬತ್ತು ನಿಮಿಷ. ಅನುಜಾಳದಕ್ಕೆ ನಾಲ್ಕು ನಿಮಿಷ. ಆ ಫೋನಿನಿಂದ ಮೊಟ್ಟಮೊದಲು ತಮ್ಮ ಪದಾಧಿಕಾರಿ ಖಾತೆಗೆ ಬಂದಿದ್ದವರು... ಮುರುಗೆಪ್ಪ.

ಅವಳು ಬಳಗದ ಮೇಲ್ ತೆಗೆದಳು. ಅಳಿಸಿದ ಮೇಲ್‌ಗಳ ನಡುವೆ ನಾಲ್ಕೂ ಇದ್ದವು. ನಾಲ್ಕರ ತಲೆಬರಹವೂ ಒಂದೇ: ‘ಅರ್ಜೆಂಟ್: ಸೆಕ್ಯುರಿಟಿ ಪ್ರಾಬ್ಲಮ್’. ಒಂದನ್ನೂ ತೆರೆದಿರಲಿಲ್ಲ.

“ಅಪ್ಪಾ! ಇವನ್ನ ಯಾಕ ಅಳಿಸೀರಿ?”

ವೇದಿಕೆಯ ಪಕ್ಕದಲ್ಲಿ ರುಮಾಲು ಸರಿಮಾಡಿಕೊಳ್ಳುತ್ತಿದ್ದ ಫಕೀರಪ್ಪ ಹೆಮ್ಮೆಯಿಂದಲೇ ಹೇಳಿದರು: “ಹಿರಿಯ ನಾಗರಿಕರಿಗೆ ಸೈಬರ್ ಮೋಸದ ಬಗ್ಗೆ ಭಾಷಣ ಇಟ್ಟಿದ್ರಲ್ಲವ್ವಾ! ಅರ್ಜೆಂಟ್ ಅಂತ ಬಂದ ಮೇಲ್ ಮುಟ್ಟಬ್ಯಾಡ್ರಿ, ಅಳಿಸಿಬಿಡ್ರಿ ಅಂತ ಹೇಳ್ಯಾರ. ಮೋಸಗಾರರು ಭಾಳ ಆಗ್ಯಾರ ನೋಡು...”

ಅನುಜಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಗಡಿಯಾರ ಹತ್ತು ಐವತ್ತೆರಡು ತೋರಿಸುತ್ತಿತ್ತು. ಗೇಟಿನಲ್ಲಿ ಒಬ್ಬ ಪುನೀತನ ಫೋನು ಕಸಿದುಕೊಂಡಿದ್ದ. ಹಾಲಿನಲ್ಲಿ ನಾನೂರು ಜನ. ಅಪ್ಪನ ಇಪ್ಪತ್ತೆರಡು ವರ್ಷ...

ಅವಳು ಸೈಟ್ ಮುಚ್ಚುವ ಆದೇಶ ಒತ್ತಿದಳು. ನೇರ ವೇದಿಕೆ ಹತ್ತಿ ಮೈಕ್ ಹಿಡಿದಳು.

“ಅವರನ್ನ ಬಿಡ್ರಿ!”

ಹಾಲಿನ ತಲೆಗಳೆಲ್ಲ ವೇದಿಕೆಯತ್ತ ತಿರುಗಿದವು.

“ತಪ್ಪು ನಂದು. ಪುಸ್ತಕದಾಗ ಹಾಕಿದ ಹುಟ್ಟಿದ ತಾರೀಖನ್ನೇ ನಾನು ಪಾಸ್‌ವರ್ಡ್ ಮಾಡೀನಿ. ನಿಮ್ಮ ಮಕ್ಕಳ ಖಾತೆ ಯಾರು ಬೇಕಾದ್ರೂ ತೆಗೀಬಹುದಿತ್ತು. ಗೇಟಿನ್ಯಾಗ ನಿಂತವರು ಅದನ್ನ ತಿಳಿಸಲಿಕ್ಕೆ ನಾಲ್ಕು ಸಲ ಬರೆದಾರ, ನಾವು ಓದಲಿಲ್ಲ. ಅವರು ಒಂದು ಖಾತೆ ತೆಗೆದಾರ. ಇನ್ನೊಬ್ಬರು ಮೂವತ್ತೆಂಟು ತೆಗೆದಾರ, ಅವರು ಇಲ್ಲೇ ಕುಂತಾರ. ಸೈಟ್ ಈಗ ಬಂದ್ ಮಾಡೀನಿ. ಮಾಧುರಿಗೆ, ಶಿವಗಂಗವ್ವಾರಿಗೆ, ನಿಮ್ಮೆಲ್ಲರಿಗೂ ಕೈಮುಗಿದು ಕ್ಷಮಾ ಕೇಳ್ತೀನಿ...”

ಮುರುಗೆಪ್ಪ ತಾವಾಗಿಯೇ ಎದ್ದು ನಿಂತರು, ಮುಖ ಕಪ್ಪಿಟ್ಟಿತ್ತು. “ತಂಗಿ ಮಗಗ ಹುಡುಗಿ ನೋಡ್ಲಿಕತ್ತಿದ್ದೆ... ತಾರೀಖು ಹಾಕಿದ್ರ ತೆಗೀತು. ಎಲ್ಲಾರಿಗೂ ತೆಗೀತದ ಅಂತ ತಿಳ್ಕೊಂಡೆ. ನೋಡಿದ್ದನ್ನ ಅವಗ ಹೇಳಿದ್ದೆ, ಅವನೇ ಫೋನ್ ಮಾಡಿರಬೇಕು.” ಅವರ ಮಾತು ಪೂರ್ತಿ ನಿಜವಿತ್ತೋ, ಸಿಕ್ಕಿಬಿದ್ದ ಮೇಲೆ ಹುಟ್ಟಿದ್ದೋ, ಅವರಿಗೇ ಗೊತ್ತು.

ಫಕೀರಪ್ಪ ನಿಧಾನವಾಗಿ ಮಗಳ ಕೈಯಿಂದ ಮೈಕ್ ತೆಗೆದುಕೊಂಡರು.

“ಪಾಸ್‌ವರ್ಡ್ ನಾನೇ ಹೇಳಿದ್ದು. ಮೇಲ್ ಅಳಿಸಿದವನೂ ನಾನೇ. ಮಗಳಿಗೆ ಏನೂ ಅನಬ್ಯಾಡ್ರಿ. ಪುಸ್ತಕ ಹಂಚೂದಿಲ್ಲ. ಮುರುಗೆಪ್ಪ, ನೀ ಈಗಲೇ ಶಿವಗಂಗವ್ವನ ಮನೀಗೆ ಹೋಗಿ ಆ ಹುಡುಗಿ ಮುಂದ ತಪ್ಪೊಪ್ಪಿಕೋ. ಉಳಿದವರು ಊಟ ಮಾಡ್ಕೊಂಡು ಹೋಗ್ರಿ.”

ಅನುಜಾ ಗೇಟಿಗೆ ಓಡಿದಳು.

ಅವನಿರಲಿಲ್ಲ!

ಬಳಗದ ಕಡತದಲ್ಲಿ ಅವನ ನಂಬರಿತ್ತು. ಎರಡು ಸಲ ಒತ್ತಿದರೆ ಸಿಗುತ್ತಿತ್ತು. ಲ್ಯಾಪ್‌ಟಾಪಿನ ಮುಂದೆ ಕುಳಿತವಳು ಕೈ ಹಿಂದೆಳೆದುಕೊಂಡಳು. ಅದನ್ನು ಅವನ ತಾಯಿ ಸಂಬಂಧ ನೋಡಲೆಂದು ಕೊಟ್ಟಿದ್ದು. ತನ್ನ ಅವಸರಕ್ಕೆ ಅದನ್ನು ತೆಗೆದರೆ, ಮುರುಗೆಪ್ಪನವರಿಗೂ ತನಗೂ ಏನು ವ್ಯತ್ಯಾಸ?

ಅವಳು ಅವನ ನಾಲ್ಕನೆಯ ಮೇಲ್‌ಗೆ ಉತ್ತರ ಬರೆದಳು. “ನಿಮ್ಮ ಮೇಲ್ ಈಗ ಓದಿದೆ. ತಡವಾಯಿತು. ಕ್ಷಮಿಸಿ. ಇದನ್ನು ಸರಿಮಾಡಲು ಬರುತ್ತೀರಾ?”

ಎರಡು ದಿನ ಉತ್ತರವಿಲ್ಲ. ಆಫೀಸಿನ ಬಸ್ಸಿನಲ್ಲಿ ಕುಳಿತು ಹತ್ತು ನಿಮಿಷಕ್ಕೊಮ್ಮೆ ಮೇಲ್ ನೋಡಿದಳು. ಇಷ್ಟೆಲ್ಲ ಆದ ಮೇಲೆ ಯಾಕಾದರೂ ಬರುತ್ತಾನೆ?

ಮೂರನೆಯ ದಿನ ಒಂದೇ ಸಾಲು ಬಂತು. “ಭಾನುವಾರ ಬರ್ತೀನಿ. ಕಾಲರ್ ಹರಿದ ಅಂಗಿ ಹೊಲಿಸೋಕೆ ಕೊಟ್ಟಿದ್ದೀನಿ, ಬರೋದು ಬೇರೆ ಅಂಗಿಯಲ್ಲಿ.”

ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು ಅನುಜಾ.

ಪಿಂಪ್ರಿಯಲ್ಲಿ ಬಿಡಿಭಾಗದ ಅಂಗಡಿಯೊಂದರ ಮೇಲೆ ಬಳಗದ ಪುಟ್ಟ ಕಚೇರಿ. ನಾಲ್ಕು ಭಾನುವಾರ ಇಬ್ಬರೂ ಅಲ್ಲೇ ಕುಳಿತರು. ಅವಳ ಲ್ಯಾಪ್‌ಟಾಪ್ ಮುಟ್ಟುವ ಮುಂಚೆ ಪ್ರತಿ ಸಲವೂ ಅವನು ಕೇಳುತ್ತಿದ್ದ: “ನೋಡಬಹುದಾ?” ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಬರಬರುತ್ತ ಆ ಎರಡು ಕ್ಷಣಕ್ಕಾಗಿ ಕಾಯತೊಡಗಿದಳು.

“ತಾರೀಖು ಅಚ್ಚು ಹಾಕದಿದ್ರ ಜಾತಕ ಹೆಂಗ್ರಿ?” ಎಂದು ಫಕೀರಪ್ಪ ಎರಡು ವಾರ ಮುನಿಸಿಕೊಂಡರು.

“ಎರಡೂ ಮನೆಯವರು ಒಪ್ಪಿದ ಮೇಲೆ ಅವರವರೇ ಕೊಟ್ಕೋತಾರೆ ಸರ್. ಬೇಡದ್ದನ್ನ ನಾವು ಕೂಡಿಡೋದೇ ಬೇಡ.” ‘ಕಾರ್ಯದರ್ಶಿಗೆ ಮಾತ್ರ’ ಅಂಕಣವನ್ನು ಅನುಜಾ ಬುಡಸಮೇತ ಕಿತ್ತುಹಾಕಿದಳು. ಮಾಧುರಿಯನ್ನು ಕೇಳಿದ ಮೇಲೆಯೇ ಅವಳ ವಿವರ ವಾಪಸ್ ಸೇರಿತು.

ನಾಲ್ಕನೆಯ ಭಾನುವಾರ ಕೆಲಸ ಮುಗಿಯಿತು. ಮುಂದಿನ ವಾರದಿಂದ ಅವನು ಬರುವ ಕಾರಣವೇ ಇಲ್ಲ. ಆದರೂ ಅನುಜಾ ಲ್ಯಾಪ್‌ಟಾಪ್ ಮುಚ್ಚಲಿಲ್ಲ.

“ಆ ಅಂಕಣದಾಗ ನಾ ಏನ್ ಬರೆದಿದ್ದೆ ಅಂತ ನೀವು ಒಂದು ಸಲನೂ ಕೇಳಲಿಲ್ಲಲ್ರಿ?”

“ನೀವು ಹೇಳಲಿಲ್ಲ. ಅದಕ್ಕೇ ಕೇಳಲಿಲ್ಲ.”

ಹೇಳಿದಳು. ಸ್ವಪ್ನಿಲ್, ಫೋನು, ಆ ನಗು, ಉಂಗುರ, ಎಲ್ಲವನ್ನೂ. ಅವನು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಮಾತ್ರ, “ಅವತ್ತು ನಿಮ್ಮದನ್ನ ತೆಗೀಬಾರದಿತ್ತು ನಾನು. ನಿಜವಾಗ್ಲೂ ಕ್ಷಮಿಸಿ” ಎಂದ.

ಹೊರಗೆ ಲೋಕಲ್ ರೈಲು ಹೋದ ಸದ್ದು.

“ಅನುಜಾ... ಒಂದು ಸಹಾಯ. ನನ್ನ ಹೆಸರು ಪಟ್ಟಿಯಿಂದ ತೆಗೆದುಬಿಡಿ.”

“ಯಾಕ್ರಿ?”

“ನಾನು ಹುಡುಗಿ ಹುಡುಕೋದು ಮುಗೀತು. ಅವಳು ಒಪ್ಪದೇ ಇದ್ರೂ... ಬೇರೆಯವರನ್ನ ನೋಡೋಕೆ ನನ್ನ ಕೈಲಾಗಲ್ಲ. ನೀವೇ, ಅನುಜಾ. ಗೇಟಲ್ಲಿ ಕಾಲರ್ ಹಿಡಿಸಿಕೊಂಡು ನಿಂತಿದ್ದಾಗ ನಿಮ್ಮ ದನಿ ಕೇಳಿಸ್ತಲ್ಲ, ಆವಾಗಿಂದ.”

ಅವಳ ಕಣ್ಣು ತುಂಬಿ ಬಂತು. ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು.

“ಹಂಗಾದ್ರ ಒಂದನೇ ನಂಬರೂ ತೆಗೀರಿ.”

ಅವನ ಬೆರಳು ಕೀಲಿಗಳ ಮೇಲೆ ಹೋಗಿ ನಿಂತುಬಿಟ್ಟಿತು. ಅಭ್ಯಾಸ ನೋಡಿ!

“ತೆಗೀಬಹುದಾ?”

“ತೆಗೀರಿ...” ಅವಳು ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. “ಆದ್ರ ಈ ಸಲ ಆರು ಸೆಕೆಂಡಿಗೆ ಹೊರಗ ಹೋಗಬ್ಯಾಡ್ರಿ.”

“ಇಲ್ಲ,” ಎಂದ ಪುನೀತ. “ಇನ್ನು ಹೋಗಲ್ಲ.”