ಸಲ್ಯೂಷನ್ ಆರುವ ಇಪ್ಪತ್ತು ನಿಮಿಷ

ಮಂಗಳವಾರ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ದೂರು ಬರುವ ಮೊದಲೇ ಠಾಣೆಗೆ ಆರೋಪಿ ಬಂದಿದ್ದ. ಇಪ್ಪತ್ತು ಜನ ಅವನನ್ನು ರಸ್ತೆಯುದ್ದಕ್ಕೂ ಎಳೆದುಕೊಂಡೇ ತಂದಿದ್ದರು. ಮುಖ ಗುರುತು ಸಿಗದಷ್ಟು ಊದಿತ್ತು, ದವಡೆ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಆ ಬೀದಿಯವರ ಹಲ್ಲು ಕೀಳುವ ಡಾಕ್ಟರು ಆತ. ಈಗ ಆತನದೇ ಮೂರು ಹಲ್ಲು ಮಣ್ಣುಪಾಲಾಗಿದ್ದವು. ತಂದವರು ಅದನ್ನು ಹೇಳಿದಾಗ ಪೇದೆಯೊಬ್ಬ ಕಿಸಕ್ಕನೆ ನಕ್ಕ. ಇನ್‌ಸ್ಪೆಕ್ಟರ್ ಕಣ್ಣು ಕೆಕ್ಕರಿಸಿದ ಮೇಲೆ ಬಾಯಿ ಮುಚ್ಚಿಕೊಂಡ.

ಹಿಂದೆಯೇ ಒಬ್ಬ ಹೆಂಗಸು ಬಂದಳು. ಹಳೇ ಕಾಲದ ಕಾರುಗಳನ್ನು ಹೊಸದು ಮಾಡಿಕೊಡುವ ಗ್ಯಾರೇಜಿನ ಯಜಮಾನನ ಹೆಂಡತಿ. ಜೊತೆಗೆ ಬಂದವನು ಗಂಡನ ಅಣ್ಣ, ಅದೇ ಗ್ಯಾರೇಜಿನ ಮೇಸ್ತ್ರಿ.

"ಈ ಡಾಕ್ಟ್ರೇ ಸಾರ್ ನಮ್ಮೆಜಮಾನ್ರನ್ನ ಹೊಡೆದು ಸಾಯಿಸಿದ್ದು. ತನ್ನ ಕಾರು ಇನ್ನೂ ಆಗಿಲ್ಲ ಅಂತ ಬೆಳಿಗ್ಗೆ ಬಂದು ಕೂಗಾಡಿದ್ದ. ಕೊಂದು ಹಾಕ್ತೀನಿ ಅಂದಿದ್ದ."

"ನೀವೇ ಕೇಳಿಸಿಕೊಂಡ್ರಾ?"

"ನಮ್ಮ ಭಾವ ಕೇಳಿಸಿಕೊಂಡ್ರು."

ಭಾವ ತಲೆಯಾಡಿಸಿದ. ಡಾಕ್ಟರ ಶರ್ಟಿನ ತುಂಬ ರಕ್ತವಿತ್ತು; ಅದರಲ್ಲಿ ಎಷ್ಟು ಆತನದು, ಎಷ್ಟು ಸತ್ತವನದು ಎಂದು ಹೇಳುವಂತಿರಲಿಲ್ಲ. "ಎತ್ತೋಕೆ... ಹೋದೆ... ಆಗಲೇ ಬಿದ್ದಿದ್ರು," ಎಂದು ಮುರಿದ ದವಡೆಯಲ್ಲೇ ತೊದಲಿ ಆತ ಪ್ರಜ್ಞೆ ತಪ್ಪಿದ.

ಒಂದೂವರೆಗೆ ಎಫ್‌ಐಆರ್ ದಾಖಲಾಯಿತು. ಕೊಲೆ. ಡಾಕ್ಟರನ್ನು ಕಾವಲಿನಲ್ಲಿ ಆಸ್ಪತ್ರೆಗೆ ಕಳಿಸುವಷ್ಟರಲ್ಲಿ ಮೇಲಧಿಕಾರಿಯ ಫೋನು ಬಂತು.

"ಬೀದೀಲಿ ಜನ ಅವನ ಕ್ಲಿನಿಕ್ಕಿಗೆ ಕಲ್ಲು ಹೊಡೀತಿದ್ದಾರೆ ಕಣ್ರೀ. ನಾಳೆ ಹನ್ನೊಂದಕ್ಕೆ ಕೋರ್ಟಿಗೆ ಹಾಜರುಪಡಿಸಿ ಕೈ ತೊಳ್ಕೊಳ್ಳಿ."

ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿಯಿತು. ಒಮ್ಮೆ ಕೊಲೆಗಾರ ಎಂದು ಕೋರ್ಟಿನ ಮೆಟ್ಟಿಲು ಹತ್ತಿಸಿದರೆ ಆ ಮನುಷ್ಯನ ಬಾಳು ಅಲ್ಲಿಗೇ ಮುಗಿಯಿತು. ಆಮೇಲೆ ನಿರಪರಾಧಿ ಅಂತ ಡಂಗುರ ಹೊಡೆಸಿದರೂ ಅವನ ಮುಂದೆ ಬಾಯಿ ತೆರೆದು ಕೂರುವವರು ಯಾರು? ಇನ್‌ಸ್ಪೆಕ್ಟರ ಕೈಯಲ್ಲಿ ಪೂರ್ತಿ ಒಂದು ದಿನವೂ ಇರಲಿಲ್ಲ.

ಎರಡೂಕಾಲಿಗೆ ಗ್ಯಾರೇಜಿನಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ಎದುರಿನ ಟೈರ್ ಅಂಗಡಿಯವನೂ ಪಕ್ಕದ ದರ್ಜಿಯೂ ಪಂಚರು. ಡಾಕ್ಟರ ಕಪ್ಪು ಕಾರು ಎಡಗಡೆ ಜಾಕಿನ ಮೇಲೆ ನಿಂತಿತ್ತು. ಅದರ ಪಕ್ಕದಲ್ಲೇ ಯಜಮಾನ ಅಂಗಾತ ಬಿದ್ದಿದ್ದ. ತಲೆಗೆ ಸುತ್ತಿಗೆಯ ಐದು ಏಟು. ಒಂದು ಹಿಂದಿನಿಂದ, ಉಳಿದ ನಾಲ್ಕು ಬಿದ್ದವನ ಮುಖದ ಮೇಲೆ. ಬಲಗಣ್ಣಿನ ಜಾಗದಲ್ಲಿ ಕಣ್ಣಿರಲಿಲ್ಲ. ದರ್ಜಿ ಹೊರಗೆ ಓಡಿಹೋಗಿ ವಾಂತಿ ಮಾಡಿಕೊಂಡು ಬಂದು ಸಹಿ ಹಾಕಿದ.

ಸುತ್ತಿಗೆ ಕಾರಿನಡಿಯಲ್ಲೇ ಸಿಕ್ಕಿತು. ಹಿಡಿಯನ್ನು ಬಣ್ಣ ಕರಗಿಸುವ ಥಿನ್ನರಿನಲ್ಲಿ ಒರೆಸಿದ್ದರು.

ಇನ್‌ಸ್ಪೆಕ್ಟರ್ ಕುಕ್ಕರುಗಾಲಿನಲ್ಲಿ ಕೂತು ಕಾರನ್ನೇ ನೋಡಿದರು. ಬಾಗಿಲ ಮೇಲೆಲ್ಲ ರಕ್ತ ಸಿಡಿದಿತ್ತು. ಕೆಳಗೆ ನೆಲದ ಮೇಲೂ ಇತ್ತು. ನಡುವೆ, ಕಾಲಿಟ್ಟು ಹತ್ತುವ ಉದ್ದನೆಯ ರನ್ನಿಂಗ್ ಬೋರ್ಡಿಗೆ ಹೊಸದಾಗಿ ಅಂಟಿಸಿದ ರಬ್ಬರ್ ಹೊದಿಕೆ ಮಾತ್ರ ಲಕಲಕ ಹೊಳೆಯುತ್ತಿತ್ತು. ಒಂದೇ ಒಂದು ಹನಿ ಇಲ್ಲ.

"ಒರೆಸಿರಬೇಕು ಸಾರ್," ಎಂದಳು ಹೆಡ್ ಕಾನ್‌ಸ್ಟೇಬಲ್. ಇಪ್ಪತ್ತು ವರ್ಷ ಸರ್ವೀಸಾದ ಗಟ್ಟಿ ಹೆಂಗಸು. ಬೆಂಕಿಕಡ್ಡಿಯಿಂದ ರಬ್ಬರಿನ ಗೀರುಗಳ ಸಂದಿ ಕೆದಕಿ ನೋಡಿ, ತಾನೇ ತಲೆ ಅಲ್ಲಾಡಿಸಿದಳು. "ಇಲ್ಲ. ಸಂದೀಲೂ ಏನಿಲ್ಲ." ಆಮೇಲೆ ಹೆಣದ ಕಾಲ ಬಳಿ ಬಗ್ಗಿದಳು. "ಸಾರ್, ಇಲ್ಲಿ ನೋಡಿ."

ಸತ್ತವನ ಬಲಗಾಲ ಬೂಟಿನ ಅಡಿಗೆ ಹಳದಿ ಅಂಟು ಮೆತ್ತಿ ಒಣಗಿತ್ತು. ಇನ್‌ಸ್ಪೆಕ್ಟರ್ ಟೈರ್ ಅಂಗಡಿಯವನನ್ನು ಕರೆದರು.

"ಇದೇನು?"

"ಸಲ್ಯೂಷನ್ನು. ರಬ್ಬರ್ ಅಂಟಿಸೋದು."

"ಹೇಗೆ ಅಂಟಿಸ್ತಾರೆ?"

"ಬೋರ್ಡಿಗೂ ಹಚ್ಚಬೇಕು, ರಬ್ಬರಿಗೂ ಹಚ್ಚಬೇಕು. ಇಪ್ಪತ್ತು ನಿಮಿಷ ಆರೋಕೆ ಬಿಡಬೇಕು. ಆಮೇಲೆ ನಡುವಿನಿಂದ ಒತ್ತುತಾ ಬರಬೇಕು. ಒಂದು ಸಲ ಕಚ್ಕೊಂಡ್ರೆ ಮುಗೀತು, ಆಚೀಚೆ ಸರಿಸೋಕಾಗಲ್ಲ. ತಡ ಮಾಡಿದ್ರೆ ಕಚ್ಚೋದೇ ಇಲ್ಲ." ಅವನು ಕಾರಿನ ಕಡೆ ನೋಡಿ, ಹೆಣ ಇರುವುದನ್ನೂ ಮರೆತು ಮೆಚ್ಚಿಕೊಂಡ. "ಇದು ಕಸುಬುದಾರನ ಕೈ ಸಾರ್. ಒಂದು ಗುಳ್ಳೆ ಇಲ್ಲ."

ನೆಲದಲ್ಲಿ ಎಲ್ಲೂ ಸಲ್ಯೂಷನ್ ಚೆಲ್ಲಿರಲಿಲ್ಲ. ಹಾಗಾದರೆ ಯಜಮಾನ ಕಾಲಿಟ್ಟದ್ದು ಅಂಟು ಹಚ್ಚಿ ಆರಲು ಬಿಟ್ಟಿದ್ದ ಬೋರ್ಡಿನ ಮೇಲೆ. ರಕ್ತ ಸಿಡಿದಾಗಲೂ ಬೋರ್ಡು ಬರಿದಾಗಿಯೇ ಇತ್ತು. ಯಾರೋ ಅವನನ್ನು ಕೊಂದು, ಹೆಣದ ಪಕ್ಕದಲ್ಲೇ ಮಂಡಿಯೂರಿ, ನಿಧಾನವಾಗಿ ರಬ್ಬರ್ ಅಂಟಿಸಿದ್ದರು. ಹಲ್ಲಿನ ಡಾಕ್ಟರಿಗೆ ಬರುವ ವಿದ್ಯೆಯಲ್ಲ ಅದು.

ಹೆಣವನ್ನು ಶವಾಗಾರಕ್ಕೆ ಸಾಗಿಸಿ, ಹೆಂಡತಿಯನ್ನೂ ಜೊತೆಗೆ ಕಳಿಸಿ, ಹೆಣಕ್ಕೆ ಹೆಗಲು ಕೊಟ್ಟಿದ್ದ ಮೇಸ್ತ್ರಿಯನ್ನು ನಾಲ್ಕು ಗಂಟೆಗೆ ಕಾರಿನ ಬಳಿಗೆ ಕರೆದರು.

"ರಬ್ಬರ್ ಅಂಟಿಸಿದ್ದು ಯಾರು?"

"ತಮ್ಮ."

"ನೀವ್ಯಾಕೆ ಅಂಟಿಸಲಿಲ್ಲ?"

ಮೇಸ್ತ್ರಿ ಎರಡೂ ಕೈ ಮುಂದೆ ಚಾಚಿದ. ಬೆರಳುಗಳು ಗಡಗಡ ನಡುಗುತ್ತಿದ್ದವು. "ಒಂದು ವರ್ಷದಿಂದ ಹೀಗೆ. ತಮ್ಮ ನನಗೆ ಕೆಲಸ ಕೊಡೋದು ಬಿಟ್ಟಿದ್ದ."

"ಕೊಲೆ ಆದಾಗ ಎಲ್ಲಿದ್ರಿ?"

"ಹನ್ನೊಂದೂವರೆಗೇ ಊಟಕ್ಕೆ ಮನೆಗೆ ಹೋದೆ. ರಬ್ಬರ್ ಆಗಲೇ ಆಗಿತ್ತು."

"ಸರಿ," ಎಂದು ಇನ್‌ಸ್ಪೆಕ್ಟರ್ ಪೇದೆಯತ್ತ ತಿರುಗಿದರು. "ಚಾಕು ತಗೋ. ಆ ರಬ್ಬರ್ ಕಿತ್ತು ಒಳಗೇನಿದೆ ನೋಡೋಣ."

ಪೇದೆ ಅಂಚಿಗೆ ಚಾಕು ತೂರಿಸಿ ಬಲವಾಗಿ ಎಳೆದ. ರಬ್ಬರ್ ಪರ್ರನೆ ಗೇಣುದ್ದ ಹರಿಯಿತು.

"ಅಯ್ಯೋ, ಹಾಗೆ ಹರೀಬೇಡ್ರೀ!" ತಮ್ಮನ ಹೆಣ ಹೊರುವಾಗಲೂ ಬಾಯಿ ಬಿಡದಿದ್ದ ಮೇಸ್ತ್ರಿ ಚೀರಿಕೊಂಡ. ಪೇದೆಯನ್ನು ತಳ್ಳಿ ಬೋರ್ಡಿನ ಮುಂದೆ ಕೂತುಬಿಟ್ಟ. "ನಾನೇ ತೆಗೀತೀನಿ. ಹಾಳು ಮಾಡಬೇಡಿ."

ಹೆಡ್ ಕಾನ್‌ಸ್ಟೇಬಲ್ ಅವನನ್ನು ಹಿಡಿಯಲು ಮುಂದಾದಳು. ಇನ್‌ಸ್ಪೆಕ್ಟರ್ ಕಣ್ಣಲ್ಲೇ ತಡೆದರು.

ಅವನು ಸಂದಿಗೆ ಥಿನ್ನರ್ ಹನಿಸಿ, ತೆಳ್ಳನೆಯ ತಗಡಿನ ಪಟ್ಟಿ ತೂರಿಸಿ, ಇಂಚಿಂಚಾಗಿ ರಬ್ಬರನ್ನು ಎಬ್ಬಿಸಿದ. ಒಳಗೇನಿದೆ ಎಂದು ಅವನಿಗೆ ಗೊತ್ತಿತ್ತು. ಆದರೂ ಕೈ ನಿಲ್ಲಿಸಲಿಲ್ಲ. ನಡುಭಾಗಕ್ಕೆ ಬರುವಷ್ಟರಲ್ಲಿ ಹಳದಿ ಅಂಟಿನ ಮೇಲೆ ಬೂಟಿನ ಗುರುತು ಪೂರ್ತಿ ಕಾಣಿಸಿತು. ಸುತ್ತ ಕಂದು ಬಣ್ಣಕ್ಕೆ ತಿರುಗಿದ ರಕ್ತದ ಹನಿಗಳು. ಪಂಚರಿಬ್ಬರೂ ಬಗ್ಗಿ ನೋಡಿದರು.

"ಕೈ ನಡುಗ್ತಿಲ್ಲವಲ್ಲೋ?" ಎಂದರು ಇನ್‌ಸ್ಪೆಕ್ಟರ್.

ಮೇಸ್ತ್ರಿ ತನ್ನ ಕೈಗಳನ್ನೇ ನೋಡಿಕೊಂಡ. "ಈ ಕೆಲಸಕ್ಕೆ ಕೂತ್ರೆ ನಡುಗಲ್ಲ ಸಾರ್. ಅದನ್ನೇ ಅವನಿಗೆ ವರ್ಷದಿಂದ ಹೇಳ್ತಿದ್ದೆ. ನಂಬಲಿಲ್ಲ."

ನಾಲ್ಕು ಐವತ್ತಕ್ಕೆ ದಸ್ತಗಿರಿ. ಇನ್‌ಸ್ಪೆಕ್ಟರ್ ಮೊದಲು ಮಾಡಿದ ಕೆಲಸವೆಂದರೆ ಆಸ್ಪತ್ರೆಗೆ ಫೋನು ಹಚ್ಚಿ ಡಾಕ್ಟರ ಕಾವಲು ತೆಗೆಸಿದ್ದು. ಕ್ಲಿನಿಕ್ಕಿನ ಮುಂದೆ ಹೋಗಿ ನಿಜ ಏನೆಂದು ಬೀದಿಗೆಲ್ಲ ಕೇಳುವಂತೆ ಹೇಳಿ ಬಾ ಎಂದು, ಮಧ್ಯಾಹ್ನ ನಕ್ಕಿದ್ದ ಪೇದೆಯನ್ನೇ ಅಟ್ಟಿದರು.

ಆರು ಗಂಟೆಗೆ ಹೇಳಿಕೆ ಬರೆದುಕೊಳ್ಳುತ್ತ ಕೇಳಿದರು: "ಡಾಕ್ಟರು ಕೊಂದು ಹಾಕ್ತೀನಿ ಅಂದಿದ್ದು ನಿಜಾನಾ?"

"ಇಲ್ಲ ಸಾರ್. ಬೈದಿದ್ದು ನಿಜ. ಉಳಿದದ್ದು ನಾನು ಸೇರಿಸಿದ್ದು."

"ಜನ ಅವರ ದವಡೆ ಮುರೀತಿದ್ರೆ ನೋಡ್ತಾ ನಿಂತಿದ್ದೆಯಾ?"

ಇನ್‌ಸ್ಪೆಕ್ಟರಿಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಮೇಜಿನ ಅಂಚು ಹಿಡಿದು ತಡೆದುಕೊಂಡರು.

"ತಮ್ಮ ಏನು ಮಾಡಿದ?"

"ಅವನು ಆಚೆ ಹೋಗಿದ್ದಾಗ ನಾನೇ ಸಲ್ಯೂಷನ್ ಹಚ್ಚಿ ಆರೋಕೆ ಬಿಟ್ಟಿದ್ದೆ. ಬಂದು ನೋಡಿದ. ನಿನ್ನ ಕೈ ಇನ್ನು ಕಸ ಗುಡಿಸೋಕೇ ಸರಿ ಅಂದ. ಅದನ್ನೂ ಸಹಿಸ್ಕೊಂಡೆ. ಆಮೇಲೆ ಬೂಟುಗಾಲು ತಗೊಂಡು ಬೋರ್ಡಿನ ಮೇಲಿಟ್ಟ. ತಿರುಗಿ ಹೊರಟ. ಸುತ್ತಿಗೆ ಕೈಗೆ ಸಿಕ್ತು."

"ಗಮನ ಇಲ್ಲದೆ ಇಟ್ಟಿರಬಹುದಲ್ಲ?"

"ಅಪ್ಪ ಹೋದಾಗ ಅವನಿಗೆ ಎಂಟು ವರ್ಷ ಸಾರ್. ನಾನೇ ಸಾಕಿದ್ದು. ಮೊದಲು ಕಲಿಸಿದ್ದೇ ಇದು, ಸಲ್ಯೂಷನ್ ಹಚ್ಚಿದ ಬೋರ್ಡಿನ ಮೇಲೆ ಧೂಳೂ ಕೂರಬಾರದು ಅಂತ. ಅವನಿಗೆ ಗೊತ್ತಿತ್ತು. ನನ್ನ ಮುಖ ನೋಡ್ತಾನೇ ಇಟ್ಟ."

"ಕೊಂದ ಮೇಲೆ ಓಡಿಹೋಗೋದು ಬಿಟ್ಟು ರಬ್ಬರ್ ಯಾಕೆ ಅಂಟಿಸಿದೆ?"

"ಸಲ್ಯೂಷನ್ ಆರಿಹೋಗ್ತಿತ್ತು ಸಾರ್."

ಇನ್‌ಸ್ಪೆಕ್ಟರ್ ಅದನ್ನು ಹಾಗೆಯೇ ಬರೆದುಕೊಂಡು ಹೊರಗೆ ಬಂದರು. ಬಾಗಿಲ ಬಳಿಯ ಬೆಂಚಿನಲ್ಲಿ ಸತ್ತವನ ಹೆಂಡತಿ ಕೂತಿದ್ದಳು. ಶವಾಗಾರದಿಂದ ನೇರ ಬಂದಿದ್ದಳು; ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಮಡಿಲಲ್ಲಿ ದಾರಿಯ ಹೋಟೆಲಿನಿಂದ ತಂದ ಊಟದ ಡಬ್ಬಿ ಇತ್ತು.

"ಭಾವನ್ನ ಇನ್ನೂ ವಿಚಾರಿಸ್ತಿದ್ದೀರಾ ಸಾರ್? ಇದನ್ನೊಂದು ಒಳಗೆ ಕೊಡ್ತೀರಾ? ಮಧ್ಯಾಹ್ನ ಊಟಕ್ಕೂ ಮನೆಗೆ ಬರಲಿಲ್ಲ. ಬೆಳಿಗ್ಗೆಯಿಂದ ಹೊಟ್ಟೆಗೇನೂ ಇಲ್ಲ ಪಾಪ. ಇನ್ನು ನನಗೆ ಅಂತ ಇರೋರು ಅವರೊಬ್ರೇ."

ಇನ್‌ಸ್ಪೆಕ್ಟರ್ ಡಬ್ಬಿ ತೆಗೆದುಕೊಳ್ಳಲಿಲ್ಲ. ಕುರ್ಚಿಯೊಂದನ್ನು ಎಳೆದುಕೊಂಡು ಅವಳೆದುರು ಕೂತರು.