ಬಾವುಟದಿಂದ ಮೂರನೇ ಕೈ

ಟಪ್ ಎಂದು ಸದ್ದಾಯಿತು. ತೆಂಗಿನಕಾಯಿ ಕಲ್ಲಿಗೆ ಬಿದ್ದ ಹಾಗೆ. ನಾಲ್ಕನೇ ಸಾಲಿನ ನೀರು ಕೆಂಪಗಾಯಿತು.

ಕುಮಟೆಯ ಹೊಸ ಈಜುಕೊಳದಲ್ಲಿ ಕಡಲ ದೇಶಗಳ ಅಂತರರಾಷ್ಟ್ರೀಯ ಈಜು ಚಾಂಪಿಯನ್‌ಶಿಪ್. ಪುರುಷರ ನೂರು ಮೀಟರ್ ಬ್ಯಾಕ್‌ಸ್ಟ್ರೋಕ್, ಎರಡನೇ ಹೀಟ್, ಅಂದರೆ ಫೈನಲ್‌ಗೆ ಆರಿಸುವ ಸುತ್ತು. ಅಂಗಾತ ಈಜುತ್ತ ಎಲ್ಲರಿಗಿಂತ ಮುಂದಿದ್ದ ಭಟ್ಕಳ ಕಡೆಯ ಮಾವಳ್ಳಿಯ ಪ್ರಮೋದ, ತಿರುಗುವ ತುದಿಯ ಗೋಡೆಗೆ ತಲೆ ಬಡಿದುಕೊಂಡಿದ್ದ. ಭಟ್ಕಳದಿಂದ ಟೆಂಪೊ ಮಾಡಿಕೊಂಡು ಬಂದಿದ್ದ ಜನ ಒಟ್ಟಿಗೇ ಎದ್ದು ನಿಂತರು. ಅವನು ಮುಳುಗಿದ, ಎದ್ದ, ಗೋಡೆ ಒದ್ದು ಮತ್ತೆ ಹೊರಟ. ರಕ್ತ ಸುರಿಸುತ್ತಲೇ ಉಳಿದ ಐವತ್ತು ಮೀಟರ್ ಮುಗಿಸಿದ. ಎಂಥ ಗಟ್ಟಿ ಜೀವ! ಆದರೆ ಫೈನಲ್‌ಗೆ ಎಂಟೇ ಜನ. ಪ್ರಮೋದ ಒಂಬತ್ತನೆಯವನಾದ.

ಡಾಕ್ಟರು ನೋಡಿದರು. ಚರ್ಮ ಹರಿದಿತ್ತು, ಬೇರೇನೂ ಇಲ್ಲ ಎಂದರು. ಹೆಡ್ ಕಾನ್‌ಸ್ಟೆಬಲ್ ಭಾಗ್ಯಲಕ್ಷ್ಮಿ ಡಾಕ್ಟರ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಬೆಳಿಗ್ಗೆ ಆರಕ್ಕೆ ಈಜುಕೊಳದ ಮ್ಯಾನೇಜರ್ ತ್ರ್ಯಂಬಕ ಗೇಟು ತೆಗೆದಾಗಿನಿಂದ ಅವಳದು ಇಲ್ಲೇ ಬಂದೋಬಸ್ತು. ಕಾಯ್ಕಿಣಿಯ ಹೆಣ್ಣು. ಈಜು ಬಾರದು. ಸುಳ್ಳು ಹೇಳುವವರ ಮುಖ ಓದಲು ಮಾತ್ರ ಚೆನ್ನಾಗಿ ಬರುತ್ತಿತ್ತು.

"ಅಕ್ಕಾ, ಬಾವುಟ ಸರಿಸಿದ್ರು," ಎಂದ ಪ್ರಮೋದ.

"ಎಂತ ಬಾವುಟ?"

"ಅಂಗಾತ ಈಜೋರಿಗೆ ಗೋಡೆ ಕಾಣುದಿಲ್ಲ. ಅದಕ್ಕೇ ಗೋಡೆಯಿಂದ ಐದು ಮೀಟರ್ ಈಚೆ, ತಲೆ ಮೇಲೆ ಬಾವುಟದ ಹಗ್ಗ ಕಟ್ತ್ರು. ಬಾವುಟ ದಾಟಿ ನಾ ಮೂರು ಕೈ ಹಾಕ್ತೆ, ಆಮೇಲೆ ಕವುಚಿ ತಿರುಗ್ತೆ. ಹತ್ತು ವರ್ಷದಿಂದ ಅದೇ ಲೆಕ್ಕ. ಇವತ್ತು ಮೂರನೇ ಕೈಗೇ ಗೋಡೆ ಬಂತು."

ಅವನ ಕಣ್ಣಲ್ಲಿ ನೀರಿತ್ತು. ನೋವಿನದಲ್ಲ, ಸಿಟ್ಟಿನದು.

* * *

ಟೇಪು ತಂದು ಅಳೆದರು. ಬಾವುಟದ ಹಗ್ಗ ಸರಿಯಾಗಿ ಐದು ಮೀಟರಿನಲ್ಲಿತ್ತು. ಟೇಪಿನ ತುದಿ ಹಿಡಿದವನು ತ್ರ್ಯಂಬಕನೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ಗಂಧ, ಕಿವಿಯಲ್ಲಿ ಪ್ರಸಾದದ ಕೆಂಪು ಹೂ.

"ಹುಡುಗ ಹೆದರಿದ್ದಾನೆ ಮೇಡಂ. ಊರ ಜನರ ಎದುರು ಈಜೋದು ಸುಲಭವಾ?" ಎಂದ, ಬಹಳ ಮರುಕದಿಂದ.

ಪ್ರಮೋದನ ಕೋಚ್ ಕಮಲಾಕರನೂ ತಲೆ ತಗ್ಗಿಸಿದ. "ರಾತ್ರಿ ಅವ ಸರಿ ನಿದ್ದೆ ಮಾಡ್ಲಿಲ್ಲ. ಲೆಕ್ಕ ತಪ್ಪಿರ್ಬೌದು."

ವಿಡಿಯೊ ಇತ್ತು. ಆದರೆ ಕ್ಯಾಮೆರಾ ಪ್ರಮೋದನ ಬೆನ್ನು ಹತ್ತಿತ್ತು; ಬಾವುಟ ಎಲ್ಲಿತ್ತೆಂದು ಅದರಿಂದ ತಿಳಿಯುವಂತಿರಲಿಲ್ಲ. ಮಾರಿಷಸ್‌ನಿಂದ ಬಂದಿದ್ದ ಮುಖ್ಯ ರೆಫರಿ, ನಡುವಯಸ್ಸಿನ ಹೆಂಗಸು, ಗಡಿಯಾರ ನೋಡಿದರು. ನಾಲ್ಕು ಗಂಟೆಗೆ ಫೈನಲ್ ಪಟ್ಟಿ ಹೊರಬೀಳುತ್ತದೆ. ಅಷ್ಟರೊಳಗೆ ಪುರಾವೆ ಸಿಕ್ಕರೆ ನಾಳೆ ಬೆಳಿಗ್ಗೆ ಹೀಟ್ ಮತ್ತೆ ನಡೆಸುವೆ, ಇಲ್ಲವಾದರೆ ಇಲ್ಲ ಎಂದರು. ಈ ಸ್ಪರ್ಧೆಯಲ್ಲಿ ಮುಂದೆ ಬಂದ ಭಾರತೀಯನಿಗೆ ವಿಶ್ವ ಈಜುಕೂಟದಲ್ಲಿ ಇರುವುದು ಒಂದೇ ಜಾಗ. ಪೈಪೋಟಿ ಪ್ರಮೋದನಿಗೂ ಹೊನ್ನಾವರದ ಶಿಶಿರನಿಗೂ. ಶಿಶಿರ ಮೊದಲ ಹೀಟಿನಲ್ಲೇ ಈಜಿ ಫೈನಲ್ ಸೇರಿಯಾಗಿತ್ತು.

ಆಗ ಗಂಟೆ ಹನ್ನೆರಡೂವರೆ.

* * *

ಭಾಗ್ಯಲಕ್ಷ್ಮಿ ಎರಡನೇ ಹೀಟಿನ ಉಳಿದ ಈಜುಗಾರರನ್ನು ಒಬ್ಬೊಬ್ಬರಾಗಿ ಕಂಡಳು. ಮಾಲ್ಡೀವ್ಸ್‌ನವನು ಕೈ ತೋರಿಸಿದ. ಬೆರಳ ಗೆಣ್ಣು ತರಚಿತ್ತು. ತಿರುಗುವಾಗ ಗೋಡೆ ಬೇಗ ಬಂತಂತೆ. ತನ್ನದೇ ತಪ್ಪು ಎಂದುಕೊಂಡು ಸುಮ್ಮನಿದ್ದನಂತೆ.

ಒಬ್ಬನ ಲೆಕ್ಕ ತಪ್ಪಬಹುದು. ಇಬ್ಬರದೂ ಒಂದೇ ಗೋಡೆಯ ಹತ್ತಿರ ತಪ್ಪುತ್ತದೆಯೇ? ಮೊದಲ ಹೀಟಿನಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಎರಡರ ನಡುವೆ ಸ್ಕೋರ್‌ಬೋರ್ಡ್ ಕೆಟ್ಟು ಇಪ್ಪತ್ತು ನಿಮಿಷ ಬಿಡುವಿತ್ತು. ಆಗ ಆ ತುದಿಯಲ್ಲಿ ಇದ್ದವರು ಯಾರು?

"ತಿಮ್ಮ," ಎಂದ ಚಾ ಕೊಡುವವನು.

ತಿಮ್ಮ ಕೊಳದ ಹಗ್ಗಗಳನ್ನೆಲ್ಲ ಕಟ್ಟುವವನು. ಮೊದಲು ದೋಣಿಯಲ್ಲಿದ್ದವನು. ಈಗ ಎಲ್ಲೂ ಕಾಣಿಸುತ್ತಿಲ್ಲ. ಕೊನೆಗೆ ಪಂಪ್ ಕೋಣೆಯ ಹಿಂದೆ ಮುದುಡಿ ಕೂತಿದ್ದವನು ಸಿಕ್ಕಿದ.

"ತಿಮ್ಮಣ್ಣ, ಎಂತಕ್ಕೆ ಅಡಗಿದ್ದು?"

"ನಾ ಎಂತದೂ ಮಾಡ್ಲಿಲ್ಲ ತಂಗೀ."

"ಹಗ್ಗ ಸರಿಸಿದ್ದು ನೀನಾ?"

"ಅಯ್ಯೋ, ಇಡಗುಂಜಿ ಗಣಪತಿ ಆಣೆ, ಇಲ್ಲ!" ಮುದುಕ ಬೆವರಿದ. ಆಮೇಲೆ ಬಾಯಿಬಿಟ್ಟ. "ಒಂದು ತಪ್ಪು ಆತು. ಹಗ್ಗಕ್ಕೆ ಬೇರೆ ಎಂತದೂ ಕಟ್ಟೂಕಾಗುದಿಲ್ಲ ಅಂತ ಆ ರೆಫರಿಯಮ್ಮ ಹೇಳಿದ್ರು. ನಾ ಕೇಳ್ಲಿಲ್ಲ. ಹೊಸ ದೋಣಿ ಇಳಿಸೂಕೆ ಮುಂಚೆ ನಾವು ಹಗ್ಗದ ಗಂಟಲ್ಲಿ ಪ್ರಸಾದ ಸಿಗಿಸುದು. ನಮ್ಮ ಹುಡುಗ ಪ್ರಮೋದ ಈಜ್ತ, ಅದಕ್ಕೆ ಇಡಗುಂಜಿಯಿಂದ ತಂದು ಎರಡು ತುದಿಗೂ ಸಿಗಿಸ್ದೆ. ಬಿಡುವಲ್ಲಿ ನೋಡೂಕೆ ಹೋದೆ, ಎರಡೂ ಇರ್ಲಿಲ್ಲ. ರೆಫರಿಯಮ್ಮ ಕಿತ್ತಿದ್ರು, ಕೆಲಸ ಹೋತು ಅಂತ ಹೆದರಿ, ಹಗ್ಗವನ್ನೂ ಸರಿ ನೋಡದೆ ಓಡ್ದೆ."

ರೆಫರಿ ಕಿತ್ತಿಲ್ಲ. ಕಿತ್ತಿದ್ದರೆ ಹಗ್ಗ ಅಳೆಯುವಾಗಲೇ ಹೇಳುತ್ತಿದ್ದರು ಎಂದುಕೊಂಡಳು ಭಾಗ್ಯಲಕ್ಷ್ಮಿ.

"ಎಂತ ಪ್ರಸಾದ, ತಿಮ್ಮಣ್ಣ?"

"ಗರಿಕೆ, ಒಂದು ಕೆಂಪು ಕೇಪಳ ಹೂ. ಬಿದ್ದುಹೋಗ್ದಂಗೆ ಬಲೆ ನೂಲಲ್ಲಿ ಸುತ್ತಿದ್ದೆ. ನೀಲಿ ನೂಲು."

ಅವಳಿಗೆ ನಗು ಬಂತು. ಓಡುತ್ತಲೇ ನಕ್ಕಳು.

* * *

ಮೂರೂ ಮುಕ್ಕಾಲು. ರೆಫರಿಯ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಶಿಶಿರ ಕಿಟಕಿಯ ಹತ್ತಿರ ತನ್ನ ಸೋದರಮಾವನ ಪಕ್ಕ ನಿಂತಿದ್ದ. ಸೋದರಮಾವ ಬೇರಾರೂ ಅಲ್ಲ, ತ್ರ್ಯಂಬಕ.

"ಹೂ ಚಂದ ಇದೆ. ಎಲ್ಲೀದು?" ಭಾಗ್ಯಲಕ್ಷ್ಮಿ ಅವನನ್ನು ಕೇಳಿದಳು.

"ಇಡಗುಂಜೀದು. ಬೆಳಿಗ್ಗೆ ಹೋಗಿ ಬಂದೆ."

"ಬೆಳಿಗ್ಗೆ ಆರಕ್ಕೆ ನನಗೆ ಗೇಟು ತೆಗೆದೋರು ನೀವೇ. ಆಗ ಕಿವಿ ಖಾಲಿ ಇತ್ತು. ಅಲ್ಲಿಂದ ಈಚೆ ನೀವು ಗೇಟು ದಾಟಿಲ್ಲ. ಅದನ್ನು ತೆಗೆದು ಮೇಜಿನ ಮೇಲಿಡಿ."

ತ್ರ್ಯಂಬಕ ಕಿವಿಗೆ ಕೈ ಹಾಕಿದ. ಹೂ ಮೇಜಿಗೆ ಬಂತು. ಕೆಳಗೆ ಗರಿಕೆ, ಗರಿಕೆಗೆ ಸುತ್ತಿದ ನೀಲಿ ನೂಲು.

"ದೇವಸ್ಥಾನದಲ್ಲಿ ಪ್ರಸಾದಕ್ಕೆ ಬಲೆ ನೂಲು ಸುತ್ತಿ ಕೊಡ್ತಾರಾ? ಇನ್ನೊಂದೂ ಇರ್ಬೇಕು. ಹಗ್ಗಕ್ಕೆ ಎರಡು ತುದಿ. ಜೇಬು ನೋಡಿ."

ಅವನು ಕದಲಲಿಲ್ಲ. ಶಿಶಿರನೇ ಮಾವನ ಅಂಗಿಯ ಜೇಬಿಗೆ ಕೈ ಹಾಕಿದ. ಇನ್ನೊಂದು ಕಟ್ಟು ಹೊರಬಂತು. ಅದೇ ನೀಲಿ ನೂಲು.

ಭಾಗ್ಯಲಕ್ಷ್ಮಿ ರೆಫರಿಯತ್ತ ತಿರುಗಿ, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ವಿವರಿಸಿದಳು. ಬಿಡುವಿನಲ್ಲಿ ತ್ರ್ಯಂಬಕ ಎರಡೂ ಗಂಟು ಬಿಚ್ಚಿದ. ಹಗ್ಗವನ್ನು ಗೋಡೆಯ ಕಡೆಗೆ ಒಂದು ಮೀಟರ್ ಸರಿಸಿ ಕಟ್ಟಿದ. ಮ್ಯಾನೇಜರ್ ಹಗ್ಗ ಮುಟ್ಟಿದರೆ ಅನುಮಾನ ಪಡುವವರು ಯಾರು? ಪ್ರಮೋದನನ್ನು ಎತ್ತಿಕೊಂಡು ಎಲ್ಲರೂ ಒಳಗೆ ಓಡಿದಾಗ ಮತ್ತೆ ಮೊದಲಿನ ಜಾಗಕ್ಕೇ ತಂದ. ಅದಕ್ಕೇ ಟೇಪು ಐದು ಮೀಟರ್ ತೋರಿಸಿತು. ಎಲ್ಲ ಸರಿಯಾಗಿತ್ತು. ಆದರೆ ಗಂಟು ಬಿಚ್ಚಿದಾಗ ಪ್ರಸಾದ ಕೆಳಗೆ ಬಿತ್ತು.

"ಬೇರೆ ಊರಿನವನಾಗಿದ್ದರೆ ಕಾಲಲ್ಲಿ ಸರಿಸಿ ಹೋಗ್ತಿದ್ದ. ಇವರಿಗೆ ಆಗ್ಲಿಲ್ಲ. ಗಣಪತಿ ಪ್ರಸಾದ ತುಳಿಯೋದು ಹೇಗೆ? ಕಣ್ಣಿಗೊತ್ತಿ ಒಂದನ್ನು ಕಿವಿಗಿಟ್ಟರು, ಒಂದನ್ನು ಜೇಬಿಗೆ. ನಮಗೆಲ್ಲ ಕಿವಿಗೆ ಹೂ ಇಡೋಕೆ ಹೊರಟವರು ತಮ್ಮ ಕಿವಿಗೇ ಇಟ್ಕೊಂಡ್ರು."

ಶಿಶಿರ ಮಾವನತ್ತ ತಿರುಗಿ ಮನೆಮಾತಿನಲ್ಲೇ ಕೇಳಿದ. "ಮಾವಾ, ಎಂತಕ್ಕೆ ಹೀಂಗೆ ಮಾಡ್ದೆ? ಯಂಗೆ ಈಜಲೆ ಬತ್ತಿಲ್ಲೆ ಹೇಳಿ ಮಾಡಿದ್ಯಾ?"

"ನಿನ್ನ ಸಲುವಾಗೇ..." ಎಂದ ತ್ರ್ಯಂಬಕ.

"ಪ್ರಮೋದ ಇಲ್ದೇ ಇದ್ರೆ ಆನೂ ಫೈನಲ್ ಈಜ್ತಿಲ್ಲೆ," ಎಂದ ಶಿಶಿರ. ಆಮೇಲೆ ರೆಫರಿಗೂ ಅದನ್ನೇ, ತಾನೂ ಈಜುವುದಿಲ್ಲವೆಂದು, ಇಂಗ್ಲಿಷಿನಲ್ಲಿ ಹೇಳಿದ.

ರೆಫರಿ ಪಟ್ಟಿಯನ್ನು ಹರಿದು ಹಾಕಿದರು. ಆಗ ನಾಲ್ಕಕ್ಕೆ ಎರಡು ನಿಮಿಷವಿತ್ತು.

* * *

ಮರುದಿನ ಬೆಳಿಗ್ಗೆ ಮತ್ತೆ ನಡೆದ ಹೀಟಿನಲ್ಲಿ ಪ್ರಮೋದ ಮೊದಲಿಗ. ಸಂಜೆ ಫೈನಲ್. ತ್ರ್ಯಂಬಕ ಕುಮಟೆಯ ಠಾಣೆಯ ಬೆಂಚಿನಲ್ಲಿದ್ದ. ತಿಮ್ಮ ಹಗ್ಗದ ಪಕ್ಕದಲ್ಲೇ ಕಾವಲು ನಿಂತಿದ್ದ. ಭಟ್ಕಳ, ಹೊನ್ನಾವರ, ಕುಮಟೆ ಮೂರೂ ಕಡೆಯ ಜನ ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದರು.

ಪ್ರಮೋದ ಬಾವುಟ ದಾಟಿದ. ಜನ ಗಪ್ಪಾದರು.

"ಒಂದು," ಎಂದಳು ಭಾಗ್ಯಲಕ್ಷ್ಮಿ. "ಎರಡು. ಮೂರು."

ಅವನು ಕವುಚಿದ, ತಿರುಗಿದ, ಗೋಡೆ ಒದ್ದು ಬಾಣದಂತೆ ಹೊರಟ. ಪಕ್ಕದ ಸಾಲಿನಲ್ಲೇ ಶಿಶಿರ. ಕೊನೆಯ ಹತ್ತು ಮೀಟರ್ ಯಾರು ಮುಂದೆಂದು ಹೇಳಲಾಗದಂತಿತ್ತು. ಗೋಡೆ ಮುಟ್ಟಿದರು. ಸ್ಕೋರ್‌ಬೋರ್ಡ್ ಈ ಸಲ ಕೆಡಲಿಲ್ಲ. ಮೊದಲು ಪ್ರಮೋದ, ಎರಡನೆಯವನು ಶಿಶಿರ. ಸಾಲಿನ ಹಗ್ಗದ ಮೇಲಿಂದ ಚಾಚಿ ಪ್ರಮೋದನ ಕೈ ಹಿಡಿದು ಮೇಲೆತ್ತಿದವನು ಶಿಶಿರನೇ. ಭಾಗ್ಯಲಕ್ಷ್ಮಿ ಸಮವಸ್ತ್ರದಲ್ಲಿರುವುದನ್ನೂ ಮರೆತು ಕುಣಿದಳು.

ತಿಮ್ಮ ಒಂದು ಕೇಪಳ ಹೂ ಹಿಡಿದು ಬಂದ. "ತಗೋ ತಂಗೀ."

"ಎಂತ ತಿಮ್ಮಣ್ಣ, ನನ್ನ ಕಿವಿಗೂ ಹೂವಾ?"

"ಇದು ಬರೀ ಪ್ರಸಾದ, ಮಾರಾಯ್ತಿ," ಎಂದು ಮುದುಕ ನಕ್ಕ. "ರೆಫರಿಯಮ್ಮಂಗೂ ಒಂದು ಕೊಟ್ಟು ಬಂದೆ. ಮುಡ್ಕಂಡ್ರು."